ಮೊಬೈಲು ಹಿಡಿದವಳ ದನಿ

ಆ ಹೆಂಗಸಿನ ಮುಖ ನನಗೆ ನೆನಪಿಲ್ಲ. ಪೇರೆಂಟ್ಸ್ ಮೀಟಿಂಗಿನಲ್ಲಿ ಒಂದೆರಡು ಸಲ ಎದುರಿಗೆ ಕೂತಿರಬೇಕು, ಮಗಳ ಮಾರ್ಕ್ಸ್ ಬಗ್ಗೆ ಕೇಳಿರಬೇಕು, ನಾನೂ ಏನೋ ಹೇಳಿ ಕಳಿಸಿರಬೇಕು. ಆದರೆ ದನಿ ಕೇಳಿದರೆ ಇವತ್ತಿಗೂ ಗುರುತು ಹಿಡಿಯುತ್ತೇನೆ. ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ ಜನ ಒಬ್ಬರನ್ನೊಬ್ಬರು ನೂಕುವ ಹೊತ್ತಿನಲ್ಲಿ, ಹಿಂದಿನಿಂದ ಯಾರಾದರೂ ಕುಂದಾಪುರದ ಕಡೆಯ ಕನ್ನಡದಲ್ಲಿ ಮಾತಾಡಿದರೆ ನನ್ನ ಕಾಲು ತಾನಾಗಿ ನಿಂತುಬಿಡುತ್ತದೆ. ಹಿಂದೆ ಬರುವವರು ಬೈದುಕೊಂಡು ಪಕ್ಕದಿಂದ ಹಾಯ್ದು ಹೋಗುತ್ತಾರೆ. ಬೈಯಲಿ.

ನಾನು ಹುಬ್ಬಳ್ಳಿಯವಳು. ಮದುವೆಯಾಗಿ ಮುಂಬೈ ಪಕ್ಕದ ಡೊಂಬಿವಲಿಗೆ ಬಂದು, ಅಲ್ಲಿಯ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಏಳನೇ ಕ್ಲಾಸಿಗೆ ಸೈನ್ಸ್ ಕಲಿಸುವ ಕೆಲಸಕ್ಕೆ ಸೇರಿದೆ. ಮಕ್ಕಳು ಹೆಚ್ಚಾಗಿ ಮರಾಠಿಯವರು, ನಡುನಡುವೆ ಗುಜರಾತಿ, ತಮಿಳು. ಕನ್ನಡದ ಮಗು ವರ್ಷಕ್ಕೆ ಒಂದು ಸಿಕ್ಕರೆ ಹೆಚ್ಚು. ಎಲ್ಲರ ರೋಗ ಮಾತ್ರ ಒಂದೇ. ನೀರು ಆವಿಯಾಗುವುದು ಎಂದರೇನು ಎಂದು ಕೇಳಿದರೆ ಉಸಿರು ಬಿಡದೆ ಎರಡು ಸಾಲು ಒಪ್ಪಿಸುತ್ತಿದ್ದರು. ‘ಅಂದರೆ ಏನು?’ ಎಂದರೆ ಮತ್ತೆ ಅದೇ ಎರಡು ಸಾಲು, ಈ ಸಲ ಸ್ವಲ್ಪ ಜೋರಾಗಿ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕ್ಯಾಮೆರಾ ಇರುವ ಮೊಬೈಲು ಆಗಷ್ಟೇ ಮಧ್ಯಮವರ್ಗದ ಮನೆಗಳಿಗೆ ಬರುತ್ತಿದ್ದ ಕಾಲ. ಶಾಲೆಗೂ ಒಂದು ದೊಡ್ಡ ಟೀವಿ ಬಂದಿತ್ತು. ಟ್ರಸ್ಟಿಗಳು ಅದಕ್ಕೆ ಹಾರ ಹಾಕಿ, ತೆಂಗಿನಕಾಯಿ ಒಡೆದು, ಕೋಣೆಗೆ ಬೀಗ ಜಡಿದು ಹೋಗಿದ್ದರು. ನಾನು ಆ ಬೀಗದ ಕೈಯನ್ನು ಜಗಳ ಮಾಡಿ ತೆಗೆದುಕೊಂಡೆ. ಮಕ್ಕಳಿಗೆ ಹೇಳಿದೆ: ಪಾಠದ ಒಂದು ವಿಷಯವನ್ನು ಮನೆಯಲ್ಲಿ ಮಾಡಿ ತೋರಿಸಿ, ವಿಡಿಯೋ ತನ್ನಿ. ಮೊಬೈಲು ಹಿಡಿಯುವವರು ಮನೆಯವರೇ ಆಗಿರಬೇಕು. ಅವರು ಕಾಣಿಸಬಾರದು, ಆದರೆ ಬಾಯಿ ಮುಚ್ಚಿಕೊಂಡು ನಿಲ್ಲುವಂತೆಯೂ ಇಲ್ಲ. ಅರ್ಥವಾಗದ್ದನ್ನು ತಮ್ಮ ಭಾಷೆಯಲ್ಲಿ ಕೇಳಬೇಕು, ಅರ್ಥವಾಗುವವರೆಗೂ ಕೇಳುತ್ತಲೇ ಇರಬೇಕು. ಎಲ್ಲಿಯೂ ಕತ್ತರಿ ಹಾಕಕೂಡದು. ತೊದಲಿದರೂ, ಕುಕ್ಕರ್ ಕೂಗಿದರೂ, ಪಕ್ಕದ ಮನೆಯವರು ಬಂದು ಸಕ್ಕರೆ ಕೇಳಿದರೂ ಹಾಗೇ ತರಬೇಕು.

ಕಂಪ್ಯೂಟರ್ ಸರ್ ನಕ್ಕರು. ಎಡಿಟ್ ಮಾಡದ ವಿಡಿಯೋ ಯಾರು ನೋಡುತ್ತಾರೆ ಎಂದರು. ಆದರೆ ನನಗೆ ಬೇಕಾಗಿದ್ದದ್ದು ಆ ಪ್ರಶ್ನೆಗಳು. ಟೀಚರ್ ಎದುರು ನಡೆಯುವ ಬಾಯಿಪಾಠ ಅಮ್ಮನ ಎದುರು ನಡೆಯುವುದಿಲ್ಲ. ಒಬ್ಬ ಹುಡುಗ ಗುರುತ್ವಾಕರ್ಷಣೆ ಎಂದು ಚೆಂಡು ಮೇಲೆ ಎಸೆದು ಕೆಳಗೆ ಬೀಳಿಸಿ ತೋರಿಸಿದ. ಮೊಬೈಲು ಹಿಡಿದಿದ್ದ ಅವನ ಅಜ್ಜ ಮರಾಠಿಯಲ್ಲಿ, ‘ಮಗ ಚಂದ್ರ ಕಾ ಪಡತ್ ನಾಹೀ?’ ಎಂದು ಕೇಳಿದರು. ಹಾಗಾದರೆ ಚಂದ್ರ ಯಾಕೆ ಬೀಳುವುದಿಲ್ಲ? ಹುಡುಗ ಓಡಿಹೋದ. ಖಾಲಿ ಕುರ್ಚಿಯನ್ನು ನಾವೆಲ್ಲ ಎಷ್ಟೋ ಹೊತ್ತು ನೋಡಿದೆವು. ಆಮೇಲೆ ಆ ಕ್ಲಾಸು ಚಂದ್ರನ ಪಾಠ ಕಲಿತ ಹಾಗೆ ಯಾವ ಕ್ಲಾಸೂ ಕಲಿತಿಲ್ಲ.

ಒಂದು ಸಂಗತಿಯನ್ನು ಮಾತ್ರ ನಾನು ಎಣಿಸಿರಲಿಲ್ಲ. ಕಿಟಕಿ ಮುಚ್ಚಿ ಕತ್ತಲು ಮಾಡಿದ ಆ ಕೋಣೆಯಲ್ಲಿ ಟೀವಿಯೊಳಗೆ ಮಗು ನಿಂತಿರುತ್ತದೆ. ಪ್ರಶ್ನೆ ಮಾತ್ರ ನಮ್ಮ ಬೆನ್ನ ಹಿಂದಿನಿಂದ ಬಂದಂತೆ ಬರುತ್ತದೆ. ಮಕ್ಕಳು ಮೊದಮೊದಲು ತಿರುಗಿ ನೋಡುತ್ತಿದ್ದರು. ನಾನೂ ನೋಡಿದ್ದೇನೆ.

ಆ ವರ್ಷ ಕ್ಲಾಸಿನಲ್ಲಿ ಒಬ್ಬಳು ಕನ್ನಡದ ಹುಡುಗಿ ಇದ್ದಳು. ಅಪ್ಪ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ಮನೆಯಲ್ಲಿ ಅಮ್ಮ, ಮತ್ತೆ ಆಗಷ್ಟೇ ಮಾತು ಕಲಿಯುತ್ತಿದ್ದ ತಂಗಿ. ಹುಡುಗಿ ಆವಿಯಾಗುವ ಪಾಠ ಆರಿಸಿಕೊಂಡಿದ್ದಳು. ಮೊಬೈಲು ಅಡ್ಡ ಹಿಡಿದಿದ್ದರಿಂದ ನಾವೆಲ್ಲ ಕತ್ತು ಓರೆ ಮಾಡಿಕೊಂಡು ನೋಡಬೇಕಾಯಿತು. ಮಳೆಗಾಲ, ಬಾಲ್ಕನಿಯ ಗ್ರಿಲ್ಲಿನ ತುಂಬ ಒಣಗದ ಬಟ್ಟೆ. ಹುಡುಗಿ ಒದ್ದೆ ಕರ್ಚೀಫನ್ನು ಫ್ಯಾನಿನ ಕೆಳಗೆ ಹಿಡಿದು ನಿಂತು ಇಂಗ್ಲಿಷಿನಲ್ಲಿ ಆ ಎರಡು ಸಾಲು ಒಪ್ಪಿಸಿದಳು.

‘ಅದೆಲ್ಲ ಸರಿ. ನೀರ್ ಎಲ್ಲ್ ಹೋಯ್ತ್?’ ಎಂದಿತು ಮೊಬೈಲು ಹಿಡಿದವಳ ದನಿ.

‘ಹವಾ ಮೇ ಗಯಾ, ಅಮ್ಮ.’

‘ಗಾಳಿಯಂಗ್ ಇತ್ತಾ ಈಗ?’ ಈಗ ಗಾಳಿಯಲ್ಲಿ ಇದೆಯೇ ಎಂದು.

‘ಹಾಂ.’

‘ಇದ್ರೆ ಕಾಂತಿಲ್ಲೆ ಎಂತಕೆ?’

ಇದ್ದರೆ ಕಾಣುವುದಿಲ್ಲ ಯಾಕೆ? ಹುಡುಗಿ ಕರ್ಚೀಫನ್ನು ತಿರುಗಿಸಿ ನೋಡಿದಳು. ‘ಟೀಚರ್‌ನ ಕೇಳ್ತೇನೆ,’ ಎಂದಳು.

‘ಕೇಳ್. ಕೇಂಡ್ಕಂಡ್ ಬಂದ್ ನಂಗೂ ಹೇಳ್.’

ಹುಡುಗಿ ಅಲ್ಲಿಂದ ಹೋದಳು. ಅವಳ ಪಾಲಿಗೆ ಕೆಲಸ ಮುಗಿದಿತ್ತು. ಅಮ್ಮನಿಗೆ ರೆಕಾರ್ಡಿಂಗ್ ನಿಲ್ಲಿಸುವುದು ಗೊತ್ತಿರಲಿಲ್ಲ. ಪರದೆ ಅಲ್ಲಾಡಿತು, ನೆಲ ಕಂಡಿತು, ಹೆಬ್ಬೆರಳು ಕಂಡಿತು. ‘ಇದ್ ಬಂದ್ ಮಾಡುದ್ ಹ್ಯಾಂಗೆ?’ ಎಂದು ಅವಳು ಮಗಳನ್ನು ಕೂಗಿ, ತನಗೆ ತಾನೇ ಸಣ್ಣಗೆ ನಕ್ಕು, ಮೊಬೈಲನ್ನು ಮಂಚದ ಮೇಲೆ ಇಟ್ಟಳು. ಅಲ್ಲಿಂದ ಮುಂದೆ ಕೊನೆಯವರೆಗೂ ಕಾಣುವುದು ಮೇಲೆ ತಿರುಗುವ ಫ್ಯಾನು ಒಂದೇ. ದೂರದಲ್ಲಿ ಅವಳು ಮಗುವಿನ ಜೊತೆ ಏನೋ ಮಾತಾಡುತ್ತಾಳೆ, ನಮ್ಮ ಟೀವಿಯಲ್ಲಿ ಅದು ಬರೀ ಗುನುಗು. ಮೊಬೈಲಿನಲ್ಲಿ ಜಾಗ ತುಂಬಿದಾಗ ವಿಡಿಯೋ ಮಾತಿನ ನಡುವೆಯೇ ನಿಂತುಹೋಗುತ್ತದೆ.

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಕನ್ನಡದ ಗಂಧವಿಲ್ಲದ ಮಕ್ಕಳಿಗೆ ‘ಬಂದ್’ ಎಂಬ ಒಂದು ಮಾತು ಸಿಕ್ಕಿತ್ತು, ಅದು ಸಾಕಾಯಿತು. ನಾನೂ ನಕ್ಕೆ. ಆದರೆ ನನ್ನ ನಗುವಿಗೆ ಬೇರೆ ಕಾರಣವಿತ್ತು. ಆ ಶಾಲೆಯ ಗೋಡೆಗಳ ಒಳಗೆ ಯಾರೋ ಜೋರಾಗಿ, ಸಂಕೋಚವಿಲ್ಲದೆ ಕನ್ನಡ ಮಾತಾಡಿದ್ದು ಅದೇ ಮೊದಲು. ಅದು ನನ್ನ ಹುಬ್ಬಳ್ಳಿಯ ಕನ್ನಡ ಅಲ್ಲದಿದ್ದರೇನಾಯಿತು, ನನಗೆ ಮನೆಗೆ ಹೋದಷ್ಟು ಹಿತವಾಯಿತು. ಮಕ್ಕಳು ಹೋದ ಮೇಲೆ ಆ ‘ಬಂದ್’ ಮಾತಿನವರೆಗೆ ಇನ್ನೊಮ್ಮೆ ಹಾಕಿಕೊಂಡು ಕೇಳಿದೆ.

ಆ ಹುಡುಗಿ ಮರುದಿನ ಬಂದು ಕೇಳಿದಳು. ಹೇಳಿಕೊಟ್ಟೆ: ನೀರು ಕಣ್ಣಿಗೆ ಕಾಣದಷ್ಟು ಸಣ್ಣ ಚೂರಾಗಿ, ಒಂದರಿಂದ ಒಂದು ದೂರವಾಗಿ ಗಾಳಿಯಲ್ಲಿ ಸೇರಿಹೋಗಿದೆ, ಎಲ್ಲೂ ಹೋಗಿಲ್ಲ, ಇಲ್ಲೇ ಇದೆ. ಹುಡುಗಿ ತಲೆಯಾಡಿಸಿ ಹೋದಳು. ಅಮ್ಮನಿಗೆ ಹೇಳಿದಳೋ ಇಲ್ಲವೋ ನಾನು ಕೇಳಲಿಲ್ಲ. ಕೇಳುವ ಸಂದರ್ಭವೂ ಬರಲಿಲ್ಲ. ಆ ಮಳೆಗಾಲ ಮುಗಿಯುವುದರೊಳಗೆ ಜ್ವರವೆಂದು ಆಸ್ಪತ್ರೆಗೆ ಹೋದ ಅವಳ ಅಮ್ಮ ಮನೆಗೆ ವಾಪಸು ಬರಲಿಲ್ಲ.

ನಾನು ಆ ವಿಡಿಯೋವನ್ನು ತೆಗೆದಿಟ್ಟೆ. ಕೆಲವು ತಿಂಗಳ ನಂತರ ಹೋಟೆಲಿಗೆ ಹೋದಾಗ, ಗಲ್ಲಾದ ಮೇಲಿದ್ದ ಅಪ್ಪನಿಗೆ ಮೆತ್ತಗೆ ವಿಷಯ ಹೇಳಿದೆ: ನಿಮಗೆ ಅದರ ಕಾಪಿ ಬೇಕೇ? ಅವರ ಮೊಬೈಲನ್ನು ಲೋಕಲ್ ಟ್ರೇನಿನಲ್ಲಿ ಯಾರೋ ಕದ್ದಿದ್ದರು, ಶಾಲೆಯಲ್ಲಿದ್ದದ್ದೊಂದೇ ಉಳಿದಿತ್ತು. ಅವರು ಗಿರಾಕಿಯೊಬ್ಬರಿಗೆ ಚಿಲ್ಲರೆ ಎಣಿಸಿ ಕೊಟ್ಟರು.

‘ಮನೇಲಿ ಬ್ಯಾಡ ಟೀಚರ್. ಇದ್ರೆ ನಾನ್ ಅದನ್ನೇ ಕೇಣ್ತಾ ಕೂತ್ಕಂತೆ. ನಿಮ್ ಹತ್ರವೇ ಇರ್ಲಿ.’ ಆಮೇಲೆ ತಲೆ ಎತ್ತಿ, ‘ಮಕ್ಳಿಗೆ ತೋರ್ಸಿ. ಅವ್ಳ್ ಮಾತಾಡ್ತಾ ಇರ್ಲಿ,’ ಎಂದರು.

ಹಾಗಾಗಿ ತೋರಿಸಿದೆ. ವರ್ಷ ವರ್ಷವೂ ಹೊಸ ಏಳನೇ ಕ್ಲಾಸಿಗೆ ವಿಡಿಯೋ ಹೇಗೆ ಮಾಡಬೇಕು, ಪ್ರಶ್ನೆ ಹೇಗೆ ಕೇಳಬೇಕು ಎನ್ನುವುದಕ್ಕೆ ಮೊದಲು ಅದನ್ನೇ ಹಾಕುತ್ತಿದ್ದೆ. ಪ್ರತಿ ವರ್ಷವೂ ಅವಳು ನೀರು ಎಲ್ಲಿ ಹೋಯಿತು ಎಂದು ಕೇಳುತ್ತಿದ್ದಳು, ಇದ್ದರೆ ಕಾಣುವುದಿಲ್ಲ ಯಾಕೆ ಎಂದು ಕೇಳುತ್ತಿದ್ದಳು, ಮಕ್ಕಳು ಕೈ ಎತ್ತುತ್ತಿದ್ದರು, ಅವಳು ಬಂದ್ ಮಾಡುವುದು ಹೇಗೆಂದು ಕೂಗುತ್ತಿದ್ದಳು. ದೊಡ್ಡ ಹುಡುಗಿ ಹತ್ತನೇ ಕ್ಲಾಸು ಮುಗಿಸಿ ಶಾಲೆ ಬಿಟ್ಟಳು. ಅಪ್ಪ ಹೆಂಡತಿಯ ತಂಗಿಯನ್ನೇ ಮದುವೆಯಾಗಿ, ಡೊಂಬಿವಲಿಯ ಮನೆ ಬಿಟ್ಟು ಕಲ್ಯಾಣ್ ಆಚೆಯ ಟಿಟ್ವಾಳಾದಲ್ಲಿ ಫ್ಲ್ಯಾಟ್ ತೆಗೆದುಕೊಂಡರು ಎಂದು ಕಿವಿಗೆ ಬಿತ್ತು. ಟೀವಿ ಹೋಗಿ ಪ್ರೊಜೆಕ್ಟರ್ ಬಂತು, ಪ್ರೊಜೆಕ್ಟರ್ ಹೋಗಿ ಸ್ಮಾರ್ಟ್ ಬೋರ್ಡ್ ಬಂತು. ಅವಳು ಒಂದರಿಂದ ಇನ್ನೊಂದಕ್ಕೆ ದಾಟಿಕೊಂಡು ಬಂದಳು.

ಅಷ್ಟರಲ್ಲಿ ಆ ಮಾತು ಶಾಲೆಯ ತುಂಬ ಹಬ್ಬಿಬಿಟ್ಟಿತ್ತು. ಗಂಟೆ ನಿಲ್ಲದಿದ್ದರೆ, ನಲ್ಲಿ ಸೋರಿದರೆ, ಗಣಿತದ ಟೀಚರು ಬೈಗುಳ ನಿಲ್ಲಿಸದಿದ್ದರೆ ಮರಾಠಿ ಮಕ್ಕಳು ಒಬ್ಬರಿಗೊಬ್ಬರು ಪಿಸುಗುಟ್ಟುತ್ತಿದ್ದರು: ‘ಇದ್ ಬಂದ್ ಮಾಡುದ್ ಹ್ಯಾಂಗೆ?’ ಅಣ್ಣನಿಂದ ತಮ್ಮನಿಗೆ, ಮೇಲಿನ ಕ್ಲಾಸಿನಿಂದ ಕೆಳಗಿನ ಕ್ಲಾಸಿಗೆ ಹೋಯಿತು. ವಿಡಿಯೋ ನೋಡದವರೂ ಹೇಳುತ್ತಿದ್ದರು. ಒಂದು ಸಂಜೆ ಕಲ್ಯಾಣ್ ಸ್ಟೇಷನ್ನಿನಲ್ಲಿ ಅನೌನ್ಸ್‌ಮೆಂಟು ಒಂದೇ ಸಮನೆ ಕೂಗುತ್ತಿದ್ದಾಗ, ಮೀಸೆ ಬಂದ ಹುಡುಗನೊಬ್ಬ ಗೆಳೆಯನಿಗೆ ಹಾಗೆಂದದ್ದನ್ನು ಕೇಳಿದೆ. ನನ್ನ ಹಳೆಯ ವಿದ್ಯಾರ್ಥಿಯೇ ಇರಬೇಕು. ಅವನು ನನ್ನನ್ನು ನೋಡಲಿಲ್ಲ. ಸತ್ತವಳು ಅಷ್ಟು ಜನ ಗೊತ್ತಿಲ್ಲದವರ ಬಾಯಲ್ಲಿ ಓಡಾಡುತ್ತಿದ್ದಾಳಲ್ಲ ಎಂದು ನನಗೆ ಭಯವಾಯಿತು. ಭಯವೇ ಅದು, ಬೇರೆ ಹೆಸರು ಕೊಡುವುದಿಲ್ಲ. ಟ್ರೇನು ಬಂದರೂ ಹತ್ತದೆ ಮುಂದಿನದಕ್ಕೆ ಕಾದೆ.

ಒಂದು ಬೇಸಿಗೆ ರಜೆಯ ಕೊನೆಯಲ್ಲಿ ಆ ದೊಡ್ಡ ಹುಡುಗಿ ನನ್ನನ್ನು ಹುಡುಕಿಕೊಂಡು ಶಾಲೆಗೆ ಬಂದಳು. ನವಿ ಮುಂಬೈಯಲ್ಲಿ ಯಾವುದೋ ಆಫೀಸಿನ ಕೆಲಸ, ಕೊರಳಲ್ಲಿ ಕಾರ್ಡು. ‘ಕುಂಡ್ರವಾ’ ಎಂದೆ. ಕೂರಲಿಲ್ಲ.

‘ತಂಗಿಗೆ ಇಲ್ಲೇ ಅಡ್ಮಿಷನ್ ಆಯ್ತು ಟೀಚರ್, ಏಳನೇ ಕ್ಲಾಸಿಗೆ. ಟಿಟ್ವಾಳಾದ ಸ್ಕೂಲು ಪಪ್ಪನಿಗೆ ಸರಿ ಬರಲಿಲ್ಲ. ಪಪ್ಪನ ಒಟ್ಟಿಗೇ ಟ್ರೇನಲ್ಲಿ ಬರ್ತಾಳೆ.’ ಕೊರಳಿನ ಕಾರ್ಡನ್ನು ತಿರುಗಿಸಿದಳು. ‘ಆ ವಿಡಿಯೋ ಇನ್ನೂ ತೋರಿಸ್ತೀರಾ?’

‘ತೋರಸ್ತೀನಿ.’

‘ಈ ವರ್ಷ ಬೇಡ, ಪ್ಲೀಸ್. ಇಷ್ಟು ವರ್ಷದ ಮೇಲೂ ಅದು ಇರ್ತದೆ ಅಂತ ಪಪ್ಪ ಎಣಿಸಲಿಲ್ಲ. ಅವಳಿಗೆ ಗೊತ್ತಿಲ್ಲ.’

‘ಏನು ಗೊತ್ತಿಲ್ಲ?’

‘ಅಮ್ಮ ಹೋದದ್ದು. ಚಿಕ್ಕಿನೇ, ಅಮ್ಮನ ತಂಗಿನೇ ಅಮ್ಮ ಅಂತ ಅವಳು ತಿಳ್ಕೊಂಡಿದ್ದು. ಅಜ್ಜಿ, ಮಾವ ಎಲ್ಲ ಸೇರಿ ಹಾಗೇ ಮಾಡಿದ್ರು. ಮಗುವಿಗೆ ಎರಡೆರಡು ಅಮ್ಮ ಬೇಡ ಅಂತ. ಫೋಟೋ ಎಲ್ಲ ಊರಿಗೆ ಕಳಿಸಿದ್ರು.’ ಕಣ್ಣು ತುಂಬಿಕೊಂಡಿತ್ತು, ಗಟ್ಟಿಯಾಗಿಯೇ ಹೇಳಿದಳು. ‘ನಾನೂ ಚಿಕ್ಕಿಗೆ ಅಮ್ಮ ಅಂತ್ಲೇ ಕರೀತೇನೆ. ಇಷ್ಟು ವರ್ಷದಲ್ಲಿ ಒಂದ್ಸಲವೂ ಬಾಯಿ ತಪ್ಪಲಿಲ್ಲ ಟೀಚರ್.’

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಹೇಳಲಾರೆ. ತನ್ನ ಹನ್ನೆರಡನೆಯ ವಯಸ್ಸಿನಲ್ಲಿ ಅಮ್ಮನನ್ನು ಕಳೆದುಕೊಂಡ ಈ ಹುಡುಗಿ, ಮರುವರ್ಷದಿಂದಲೇ ಆ ಅಮ್ಮ ಇರಲೇ ಇಲ್ಲ ಎಂಬಂತೆ ಬದುಕಿದ್ದಳು. ಅಳುವುದಕ್ಕೆ ಒಂದು ಫೋಟೋ ಕೂಡ ಇರದ ಮನೆಯಲ್ಲಿ. ಆದರೆ ಚಿಕ್ಕವಳ ಬದುಕು ನನ್ನ ಕೈಯಲ್ಲಿರುವ ಬಟನ್ ಅಲ್ಲವಲ್ಲ. ತೋರಿಸುವುದಿಲ್ಲ ಎಂದು ಮಾತು ಕೊಟ್ಟೆ.

ಜೂನಿನಲ್ಲಿ ಚಿಕ್ಕವಳು ಬಂದಳು. ಮುಂದಿನ ಬೆಂಚು, ಎರಡು ಜಡೆ, ಬಾಯಿ ತುಂಬ ಹಿಂದಿ ಮತ್ತು ಮರಾಠಿ. ಕನ್ನಡದಲ್ಲಿ ಕೇಳಿದರೆ ಎಲ್ಲ ತಿಳಿಯುತ್ತಿತ್ತು. ಉತ್ತರ ಮಾತ್ರ ಹಿಂದಿಯಲ್ಲಿ. ಆ ವರ್ಷ ವಿಡಿಯೋ ಕೆಲಸಕ್ಕೆ ಬೇರೆ ಮಾದರಿ ತೋರಿಸಿದೆ, ಚಂದ್ರನ ಬಗ್ಗೆ ಕೇಳಿದ ಅಜ್ಜನದ್ದು. ಎಲ್ಲ ಸರಿಹೋಯಿತು ಎಂದುಕೊಂಡೆ.

ಒಂದು ಬೆಳಿಗ್ಗೆ ಸ್ಮಾರ್ಟ್ ಬೋರ್ಡ್ ಕೆಟ್ಟು, ಯಾವುದೋ ಪಾಠದ ಸಂಗೀತ ಸಿಕ್ಕಿಹಾಕಿಕೊಂಡು ಮತ್ತೆ ಮತ್ತೆ ಬಡಿಯತೊಡಗಿತು. ನಾನು ಬೆನ್ನು ತಿರುಗಿಸಿ ವೈರು ಕೀಳುತ್ತಿದ್ದೆ. ಹಿಂದಿನಿಂದ ದನಿ ಬಂತು.

‘ಇದ್ ಬಂದ್ ಮಾಡುದ್ ಹ್ಯಾಂಗೆ?’

ಹೇಳಿ, ತನಗೆ ತಾನೇ ಸಣ್ಣಗೆ ನಕ್ಕಿತು. ಮರಾಠಿ ಮಕ್ಕಳು ಹೇಳುವಾಗ ಆ ಮಾತು ಸೊಟ್ಟಗಾಗಿರುತ್ತಿತ್ತು. ಇದು ನೇರವಾಗಿತ್ತು. ಅದೇ ಏರು, ಅದೇ ಇಳಿತ, ಕೊನೆಯಲ್ಲಿ ಅದೇ ನಗು. ನಾನು ವೈರು ಹಿಡಿದುಕೊಂಡೇ ನಿಂತೆ. ತಿರುಗಿದರೆ ಯಾರು ಇರುತ್ತಾರೋ ಎಂದು ತಿರುಗಲು ಧೈರ್ಯವಾಗಲಿಲ್ಲ.

ಎರಡು ಜಡೆಯ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಕ್ಲಾಸು ನಗುತ್ತಿತ್ತು. ಗಂಟೆಯಾದ ಮೇಲೆ ಮೇಜಿನ ಹತ್ತಿರ ಬಂದಳು.

‘ಟೀಚರ್, ಯೇ ಕಿಸ್‌ನೇ ಬೋಲಾ ಥಾ? ಸಬ್ ಬೋಲ್ತೇ ಹೈಂ, ಪುರಾನಾ ಏಕ್ ವಿಡಿಯೋ ಹೈ. ಹಮ್‌ಕೋ ಕ್ಯೂಂ ನಹೀಂ ದಿಖಾಯಾ?’ ಯಾರು ಹೇಳಿದ್ದು, ನಮಗೇಕೆ ತೋರಿಸಲಿಲ್ಲ. ಆಮೇಲೆ ಹೆಮ್ಮೆಯಿಂದ ಕನ್ನಡಕ್ಕೇ ಬಂದಳು: ‘ನಂಗೊಬ್ಬಳಿಗೇ ಅರ್ಥ ಗೊತ್ತು. ನನ್ನ ಅಮ್ಮ ಹೀಗೇ ಮಾತಾಡ್ತಾಳೆ.’

ಆ ವಿಡಿಯೋ ಹಾಳಾಗಿದೆ ಎಂದೆ. ಅವಳು ನಂಬಲಿಲ್ಲ. ದಿನಕ್ಕೊಮ್ಮೆ ಕೇಳತೊಡಗಿದಳು. ಮೇಲಿನ ಕ್ಲಾಸಿನ ಹುಡುಗಿಯರನ್ನು ನಿಲ್ಲಿಸಿ, ಆ ವಿಡಿಯೋದಲ್ಲಿ ಯಾರಿದ್ದರು, ಏನಿತ್ತು ಎಂದು ವಿಚಾರಿಸುತ್ತಿದ್ದಳು. ಒಬ್ಬಳು, ಅದರಲ್ಲಿದ್ದ ಹುಡುಗಿ ನಿನ್ನ ಹಾಗೇ ಇದ್ದಳು ಎಂದಳಂತೆ. ಇನ್ನು ಅದು ನಾಲ್ಕು ದಿನದ ಮಾತು ಎಂದು ನನಗೆ ತಿಳಿಯಿತು. ಕಾರಿಡಾರಿನಲ್ಲಿ, ಯಾರೋ ಮಕ್ಕಳ ಬಾಯಿಂದ ಗೊತ್ತಾಗುವುದಕ್ಕಿಂತ ಮನೆಯವರೇ ಹೇಳಲಿ ಎಂದುಕೊಂಡು, ಶಾಲೆಯ ದಾಖಲೆಯಲ್ಲಿದ್ದ ಅಮ್ಮನ ನಂಬರಿಗೆ ಫೋನು ಮಾಡಿದೆ.

‘ಹಲೋ, ಯಾರ್?’ ಎಂದಳು ಸತ್ತವಳು.

ಫೋನು ಇಟ್ಟುಬಿಟ್ಟೆ. ಅಕ್ಕತಂಗಿಯರ ದನಿ ಒಂದೇ ಇರಬಹುದು ಎಂಬುದು ಸೈನ್ಸ್ ಟೀಚರಾದ ನನಗೆ ಹೊಳೆಯಲೇ ಇಲ್ಲ. ಸ್ವಲ್ಪ ಹೊತ್ತಿನಲ್ಲಿ ಶಾಲೆಯ ನಂಬರು ಕಂಡು ಅವಳೇ ಫೋನು ಮಾಡಿದಳು, ‘ಟೀಚರಾ? ಕಟ್ ಆಯ್ತಲ್ದಾ?’ ಎಂದಳು. ಮಗಳ ವಿಷಯ ಮಾತಾಡುವುದಿದೆ, ಒಬ್ಬರೇ ಬನ್ನಿ ಎಂದೆ.

ಶನಿವಾರ ಮಧ್ಯಾಹ್ನ ಮಕ್ಕಳೆಲ್ಲ ಹೋದ ಮೇಲೆ ಬಂದಳು. ನನಗಿಂತ ಚಿಕ್ಕವಳು, ತೆಳ್ಳಗಿನ ಮುಖ, ಟಿಟ್ವಾಳಾದಿಂದ ನಿಂತುಕೊಂಡೇ ಬಂದ ಸುಸ್ತು. ಈ ಮುಖವನ್ನು ನೋಡುತ್ತ, ಸತ್ತವಳ ಮುಖ ಹೀಗೇ ಇದ್ದಿರಬೇಕು ಎಂದುಕೊಂಡೆ. ಎಲ್ಲ ಹೇಳಿದೆ. ಅವಳು ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತ ಕೇಳಿದಳು.

‘ಒಂದಲ್ಲ ಒಂದ್ ದಿನ ಗೊತ್ತಾತ್ ಅಂತ ನಂಗ್ ಗೊತ್ತಿತ್ತ್ ಟೀಚರ್. ಹೇಳುಕೆ ಹೋರೆ ಬಾಯೇ ಬತ್ತಿಲ್ಲೆ. ಅದ್ ನನ್ನ್ ಬಿಟ್ ಹೋರೆ?’ ಮಗು ನನ್ನನ್ನು ಬಿಟ್ಟು ಹೋದರೆ? ಅಷ್ಟೇ ಅವಳ ಭಯ. ‘ಹೆತ್ತದ್ದಲ್ಲ ಅಂತ ಒಂದ್ಸಲ ಗೊತ್ತಾರೆ, ನಾನ್ ಬೈದದ್ದ್ ಹೊಡ್ದದ್ದ್ ಎಲ್ಲ ಬೇರೆಯೇ ಆತ್ತಲ್ದಾ.’

ಎದ್ದು ಹೋಗಿ ಅವಳಿಗೆ ನೀರು ತಂದುಕೊಟ್ಟೆ. ಕುಡಿದು ಲೋಟ ಇಟ್ಟು, ‘ಅಕ್ಕನ್ ದನಿ ಕೇಳ್ಕ್ ನಂಗೆ,’ ಎಂದಳು.

ಕಂಪ್ಯೂಟರ್ ಕೋಣೆಯಲ್ಲಿ ಕೂತೆವು. ಫ್ಯಾನು ಆರಿಸಿ, ಸ್ಪೀಕರನ್ನು ಹತ್ತಿರ ಎಳೆದು, ದನಿ ಪೂರ್ತಿ ಏರಿಸಿದೆ. ಅಡ್ಡಡ್ಡವಾದ ಬಾಲ್ಕನಿ ಬಂತು, ಒದ್ದೆ ಕರ್ಚೀಫು ಬಂತು. ನೀರ್ ಎಲ್ಲ್ ಹೋಯ್ತ್? ತಂಗಿ ಮುಖ ಮುಚ್ಚಿಕೊಂಡಳು. ಪ್ರಶ್ನೆ ಮುಗಿದು, ಬಂದ್ ಮಾಡುವ ಮಾತು ಮುಗಿದು, ಪರದೆಯಲ್ಲಿ ಫ್ಯಾನು ತಿರುಗತೊಡಗಿತು. ಕ್ಲಾಸಿನ ಗಲಾಟೆಯಲ್ಲಿ ಗುನುಗಾಗಿ ಕೇಳುತ್ತಿದ್ದದ್ದು ಆ ಖಾಲಿ ಕೋಣೆಯಲ್ಲಿ ಮಾತಾಗಿ ಕೇಳಿಸಿತು. ಇಷ್ಟು ವರ್ಷ ನನಗೂ ಕೇಳಿಸಿರಲಿಲ್ಲ.

‘ನಾಳೆ ಯಾರ್ ಬತ್ತ್? ಹೇಳ್ ಕಾಂಬ. ಚಿಕ್ಕಿ ಬತ್ತ್. ಊರಿಂದ ಚಿಕ್ಕಿ ಬತ್ತ್.’

‘ಚಿಕ್ಕಿ,’ ಎಂದಿತು ಮಗುವಿನ ದನಿ.

‘ಚಿಕ್ಕಿ ಒಟ್ಟಿಗೆ ಹೋತ್ಯಾ? ಅಮ್ಮನ್ ಬಿಟ್ ಹೋತ್ಯಾ?’

‘ಹೋತೆ.’ ಹೋಗುತ್ತೇನೆ ಎಂದು.

‘ಅಯ್ಯೋ, ಇದ್ ಕಾಣ್! ಅಮ್ಮ ಬ್ಯಾಡ್ದಾ?’

‘ಬ್ಯಾಡ.’

ಅವಳು ಜೋರಾಗಿ ನಕ್ಕಳು. ‘ಹೋಗ್ ಹಂಗಾರೆ. ಬಾ ಇಲ್ಲಿ, ಒಂದ್—’

ಅಲ್ಲಿಗೆ ನಿಂತಿತು. ಪುಟ್ಟ ಮಕ್ಕಳ ಜೊತೆ ಎಲ್ಲ ತಾಯಂದಿರೂ ಆಡುವ ಆಟ. ನನ್ನ ಅಮ್ಮನೂ ನನ್ನ ಜೊತೆ ಆಡಿದ್ದಾಳೆ. 

ತಂಗಿ ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ‘ಇನ್ನೊಂದ್ಸಲ ಹಾಕಿ,’ ಎಂದಳು. ಹಾಕಿದೆ. ಎರಡನೆಯ ಸಲ ಮುಗಿದ ಮೇಲೆ ಪರದೆಯನ್ನೇ ನೋಡುತ್ತ ಹೇಳಿದಳು: ‘ಮರ್ದಿನ ನಾನ್ ಬಂದೆ, ಇಲ್ಲ್ ಕೆಲ್ಸ ಹುಡ್ಕುಕೆ ಅಂದೇಳಿ. ಬಾಗ್ಲ್ ತೆಗ್ದ್ ಕೂಡ್ಲೆ ಅದ್ ನನ್ ಹತ್ರ ಓಡ್ ಬಂತ್. ಗುರ್ತವೇ ಇಲ್ಲ, ಆದ್ರೂ ಬಂತ್. ಅಕ್ಕ ನೆಗಾಡಿಯೇ ನೆಗಾಡ್ದ್ಲ್. ಎಂತಕೆ ಅಷ್ಟ್ ನೆಗಾಡುದ್ ಅಂತ ನಂಗೆ ಆವತ್ತ್ ಗೊತ್ತಾಯ್ಲಿಲ್ಲ.’

ಅವಳ ಮೊಬೈಲಿಗೆ ಕಾಪಿ ಹಾಕಿಕೊಟ್ಟೆ.  ಮೆಟ್ಟಿಲಿಳಿಯುವಾಗ ಮೊಬೈಲನ್ನು ಪರ್ಸಿನಲ್ಲಿಡದೆ ಕೈಯಲ್ಲೇ ಹಿಡಿದುಕೊಂಡಿದ್ದಳು.

ಸೋಮವಾರ ಹುಡುಗಿ ಬರಲಿಲ್ಲ. ಮಂಗಳವಾರವೂ ಇಲ್ಲ. ಆ ವಾರವೆಲ್ಲ ಮುಂದಿನ ಬೆಂಚಿನ ಖಾಲಿ ಜಾಗ ನೋಡಿಕೊಂಡು ಪಾಠ ಮಾಡಿದೆ. ಒಂದು ಕುಟುಂಬ ಇಷ್ಟು ವರ್ಷ ಕಟ್ಟಿಕೊಂಡದ್ದನ್ನು ನನ್ನ ಒಂದು ಫೋನು ಒಡೆದುಹಾಕಿತೇ ಎಂದು ಊಟವೂ ಸೇರಲಿಲ್ಲ. ಹೋಟೆಲಿನ ಕಡೆ ಹೋದೆ, ಗಲ್ಲಾದ ಮೇಲೆ ಬೇರೆ ಯಾರೋ ಕೂತಿದ್ದರು. ದೊಡ್ಡವಳ ಮೆಸೇಜು ಬಂತು: ‘ಅಮ್ಮ ಹೇಳಿದ್ರು ಟೀಚರ್. ಅವಳು ಯಾರ ಹತ್ತಿರವೂ ಮಾತಾಡ್ತಾ ಇಲ್ಲ.’

ಮುಂದಿನ ವಾರ ಬಂದಳು. ಕಣ್ಣಿನ ಕೆಳಗೆ ಕಪ್ಪಾಗಿತ್ತು. ನನ್ನನ್ನು ನೋಡಲಿಲ್ಲ, ವಿಡಿಯೋ ಬಗ್ಗೆ ಕೇಳಲಿಲ್ಲ. ಯಾರೋ ಹುಡುಗ ಆ ಮಾತು ಹೇಳಿ ನಕ್ಕಾಗ, ಎದ್ದು ನಿಂತು ಅವನ ಕೆನ್ನೆಗೆ ಬಿಟ್ಟಳು. ನಾನು ಬೈಯಲಿಲ್ಲ. ಅಂದಿನಿಂದ ಆ ಕ್ಲಾಸಿನಲ್ಲಿ ಆ ಮಾತು ನಿಂತಿತು.

ವಿಡಿಯೋ ಕೊಡುವ ಕೊನೆಯ ದಿನವೂ ಅವಳದು ಬರಲಿಲ್ಲ. ನಾನು ಕೇಳಲು ಹೋಗಲಿಲ್ಲ. ದೀಪಾವಳಿ ರಜೆಯ ಒಂದು ಮಧ್ಯಾಹ್ನ, ಮನೆಯಲ್ಲಿ ಚಕ್ಕುಲಿ ಒತ್ತುತ್ತಿದ್ದಾಗ ಮೊಬೈಲು ಸದ್ದು ಮಾಡಿತು. ಅವಳ ಅಮ್ಮನ ನಂಬರಿನಿಂದ ವಾಟ್ಸಾಪಿನಲ್ಲಿ ಒಂದು ವಿಡಿಯೋ ಬಂದಿತ್ತು. ಒಲೆ ಆರಿಸಿ, ಕೈ ಒರೆಸಿಕೊಂಡು ಅಲ್ಲೇ ನೆಲದ ಮೇಲೆ ಕೂತೆ.

ಟಿಟ್ವಾಳಾದ ಫ್ಲ್ಯಾಟು. ಬಿಸಿಲು ತುಂಬಿದ ಬಾಲ್ಕನಿ. ಹುಡುಗಿ ಒದ್ದೆ ಕರ್ಚೀಫು ಹಿಡಿದು ನಿಂತಿದ್ದಳು. ಅವಳ ಹಿಂದೆ, ಕೋಣೆಯ ಗೋಡೆಯ ಮೇಲೆ, ಹೊಸ ಹಾರ ಹಾಕಿದ ಒಂದು ಫೋಟೋ. ಮುಖ ಸಣ್ಣದಾಗಿ, ಅಸ್ಪಷ್ಟವಾಗಿ ಕಾಣುತ್ತಿತ್ತು. ಎಷ್ಟು ದೊಡ್ಡದು ಮಾಡಿದರೂ ನನಗೆ ಸಿಗಲಿಲ್ಲ.

‘ನೀರ್ ಎಲ್ಲ್ ಹೋಯ್ತ್?’ ಎಂದಿತು ಮೊಬೈಲು ಹಿಡಿದವಳ ದನಿ. 

‘ಗಾಳೀಲಿ ಇದೆ.’ ಹುಡುಗಿ ಕನ್ನಡದಲ್ಲಿ, ತಡವರಿಸುತ್ತ ಹೇಳಿದಳು.

‘ಇದ್ರೆ ಕಾಂತಿಲ್ಲೆ ಎಂತಕೆ?’

‘ಸಣ್ಣ ಸಣ್ಣ ಆಗಿ, ದೂರ ದೂರ ಇದೆ, ಅದಕ್ಕೆ. ಹೋಗ್ಲಿಲ್ಲ. ಇಲ್ಲೇ ಇದೆ.’

ಆ ಉತ್ತರವನ್ನು ಅವಳಿಗೆ ಅಕ್ಕ ಹೇಳಿಕೊಟ್ಟಿರಬೇಕು. ಕೇಳಿದವಳಿಗೆ ತಲುಪದೆ ಉಳಿದ ಉತ್ತರ ಇಷ್ಟು ವರ್ಷದ ಮೇಲೆ ಅದೇ ದನಿಗೆ ಹೋಗಿ ಸೇರಿತು. ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಕೈಯಲ್ಲಿದ್ದ ಖಾರ ಬೇರೆ ಕಣ್ಣಿಗೆ ಹತ್ತಿತು.

ಪರದೆ ಅಲ್ಲಾಡಿತು. ಚಿಕ್ಕಿ ನಿಲ್ಲಿಸಲು ಹೊರಟಿದ್ದಳು. ಅವಳಿಗೆ ನಿಲ್ಲಿಸುವುದು ಚೆನ್ನಾಗಿ ಗೊತ್ತಿತ್ತು. ಅಷ್ಟರಲ್ಲಿ ಹುಡುಗಿಯ ಕೈ ಅಡ್ಡ ಬಂತು, ಮೊಬೈಲನ್ನು ತೆಗೆದುಕೊಂಡಿತು, ಮಂಚದ ಮೇಲೆ ಅಂಗಾತ ಇಟ್ಟಿತು. ಮೇಲೆ ಫ್ಯಾನು ತಿರುಗುತ್ತಿತ್ತು.

‘ಬಂದ್ ಮಾಡ್ಬೇಡ ಅಮ್ಮ. ಆ ಅಮ್ಮನ ಆವಾಜ್ ಇದೆ ನಮ್ ಹತ್ರ. ನಿಂದೂ ಇರ್ಲಿ.’

 ದೂರದಲ್ಲಿ ಒಂದು ಟ್ರೇನು ಹೋಯಿತು.

‘ಎಂತ ಮಾತಾಡುದ್ ನಾನ್?’

‘ಏನಾದ್ರೂ.’

ಅವಳು ಮೂಗು ಎಳೆದುಕೊಂಡು, ದೋಸೆಹಿಟ್ಟಿಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿಲ್ಲ, ನಾಳೆ ಅಕ್ಕ ಆಫೀಸಿಂದ ಬೇಗ ಬಂದರೆ ಮಾರ್ಕೆಟ್ಟಿಗೆ ಹೋಗಬೇಕು ಎಂದು ಶುರುಮಾಡಿದಳು. ಹುಡುಗಿ ನಡುವೆ ‘ಹೂಂ’ ಎನ್ನುತ್ತಿದ್ದಳು. ಇಬ್ಬರ ದನಿಯೂ ಒಂದೇ. ಯಾವುದು ಯಾರದೆಂದು ತಿಳಿಯದೆ ನಾನು ಕೊನೆಯವರೆಗೂ ಕೇಳುತ್ತ ಕೂತಿದ್ದೆ.